ಕಸವೆಂದು ಕಡಿಯುವ ಮುನ್ನ

ಕಳೆದ ಮಾರ್ಚ್ ತಿಂಗಳಿನಲ್ಲಿ, ಅಡಿಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟಕ್ಕೆ ತಾಗಿಕೊಂಡಿರುವ ಅಕೇಶಿಯಾ ನೆಡುತೋಪಿನ ಕಟಾವು ನಡೆಯಿತು. ಅಕೇಶಿಯಾ ಕಡಿದುದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ನೆಟ್ಟಿದ್ದೇ ಕಡಿಯುವುದಕ್ಕಾಗಿ. ಆದರೆ ಆ ತೋಪಿನ ನಡುವೆ ಹಳೆಯ ಕಾಡಿನ ಕುರುಹಾಗಿ ಒಂದು ಒಣಗಿದ ತಾರೆ ಮರ ನಿಂತಿತ್ತು. ಅದರ ಕಾಂಡದಲ್ಲಿ ಸುಮಾರು ಮೂರಾಳೆತ್ತರದಲ್ಲಿ ಒಂದು ಪೊಟರೆಯಿತ್ತು. ಹಿಂದಿನ ಎರಡು ಬೇಸಿಗೆಗಳಲ್ಲಿ ಗಂಡು ಮಂಗಟ್ಟೆ ಹಕ್ಕಿಯೊಂದು ಆ ಪೊಟರೆಯ ಬಾಯಿಗೆ ಹಣ್ಣು ತಂದು ಕೊಡುವುದನ್ನು ನಾನು ಬೆಳಗಿನ ಹೊತ್ತು ನಿಂತು ನೋಡಿದ್ದೆ. ಕಟಾವಿನ ಮೂರನೆಯ ದಿನ ಹೋದಾಗ ಆ ಮರ ಸೌದೆಯ ರಾಶಿಯಲ್ಲಿತ್ತು. ಏಕೆ ಕಡಿದಿರಿ ಎಂದು ಕೇಳಿದ್ದಕ್ಕೆ ಕೆಲಸದವರ ಮುಖ್ಯಸ್ಥ, "ಕಸ ಎಲ್ಲ ತೆಗ್ದು ಸಾಪ್ ಮಾಡಿ ಕೊಡಿ ಅಂದಿದ್ರು ಹೆಗಡೇರೆ" ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ. ಹೇಳಿದ ಕೆಲಸವನ್ನು ಅವನು ಅಚ್ಚುಕಟ್ಟಾಗಿಯೇ ಮಾಡಿದ್ದ.

ಅಂದಿನಿಂದ ಈ "ಕಸ" ಎಂಬ ಮಾತು ನನ್ನ ತಲೆಯಲ್ಲಿ ಕೂತಿದೆ. ನೆಡುತೋಪಿನಲ್ಲಿ ಯಾವ ಜಾತಿಯ ಗಿಡ ನೆಟ್ಟಿದ್ದಾರೆ ಎಂಬುದರ ಬಗ್ಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಕಷ್ಟು ಚರ್ಚೆಯಾಗಿದೆ. ನೆಟ್ಟ ನಂತರ ಅದರೊಳಗಿನಿಂದ ಏನೇನನ್ನು ತೆಗೆದುಹಾಕುತ್ತಾರೆ ಎಂಬುದರ ಬಗ್ಗೆ ಅಷ್ಟು ಚರ್ಚೆಯಾಗಿಲ್ಲ. ಅಲ್ಲಿ ಬದುಕುವ ಜೀವಿಗಳ ಪಾಲಿಗೆ ಈ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಮುಖ್ಯವಲ್ಲ ಎಂದು ನಾನು ನಂಬುತ್ತೇನೆ.

ಒಣಮರದಿಂದಲೇ ಆರಂಭಿಸುತ್ತೇನೆ. ಮಂಗಟ್ಟೆ ತನ್ನ ಗೂಡನ್ನು ತಾನೇ ಕೊರೆಯಲಾರದು. ಕೊಂಬೆ ಮುರಿದ ಜಾಗಕ್ಕೆ ನೀರಿಳಿದು, ಅಣಬೆ ಹತ್ತಿ, ತಿರುಳು ಕೊಳೆತು, ಅನೇಕ ವರ್ಷಗಳಲ್ಲಿ ತಾನಾಗಿ ಆದ ಪೊಟರೆಯೇ ಅದಕ್ಕೆ ಬೇಕು. ಹೆಣ್ಣು ಅದರೊಳಗೆ ಸೇರಿ, ಬಾಯಿಯನ್ನು ಒಂದು ಸೀಳಿನಷ್ಟು ಮಾತ್ರ ಉಳಿಸಿ ಮುಚ್ಚಿಕೊಂಡು, ಬೇಸಿಗೆಯ ಹಲವು ವಾರಗಳ ಕಾಲ ಗಂಡು ತಂದುಕೊಡುವ ಆಹಾರದ ಮೇಲೆಯೇ ಬದುಕುತ್ತದೆ. ನಮ್ಮಲ್ಲಿ ಕಟಾವಿನ ಕೆಲಸ ಬಿರುಸಾಗುವುದೂ ಅದೇ ತಿಂಗಳುಗಳಲ್ಲಿ. ಹಾರುಬೆಕ್ಕು (ಹಾರುವ ಅಳಿಲು), ಗೂಬೆ, ಗಿಳಿ, ತುಡುವೆ ಜೇನು, ಮಿಸರಿ ಜೇನು ಇವೆಲ್ಲವೂ ಇಂಥದೇ ಟೊಳ್ಳುಗಳನ್ನು ನಂಬಿಕೊಂಡಿವೆ. ಹತ್ತು ವರ್ಷದೊಳಗೆ ಕಡಿದುಬಿಡುವ ಅಕೇಶಿಯಾದಲ್ಲಿ ಅಂಥ ಟೊಳ್ಳು ಆಗುವುದಕ್ಕೆ ಕಾಲವೇ ಸಿಗುವುದಿಲ್ಲ. ಆದ್ದರಿಂದ ನೆಡುತೋಪಿನ ನಡುವೆ ಉಳಿದ ಒಂದು ಮುದಿ ಮತ್ತಿಯೋ ತಾರೆಯೋ ಹೊನ್ನೆಯೋ ಇಡೀ ತೋಪಿನ ಹಕ್ಕಿಗಳಿಗಿರುವ ಏಕೈಕ ಮನೆಯಾಗಿರಬಹುದು. ನಾಟಾಕ್ಕೂ ಬಾರದ, ಒಳ್ಳೆಯ ಸೌದೆಗೂ ಬಾರದ ಆ ಮರವನ್ನು ನಿಲ್ಲಲು ಬಿಟ್ಟರೆ ತೋಪಿನ ಒಡೆಯರಿಗೆ ಆಗುವ ನಷ್ಟ ಬಹಳ ಸಣ್ಣದು.

ಎರಡನೆಯದು ಬಳ್ಳಿ. ತೇಗದ ತೋಪುಗಳಲ್ಲಿ ಬಳ್ಳಿ ಕಡಿಯುವುದು ಹಿಂದಿನಿಂದ ಬಂದ ಕ್ರಮ. ಬಳ್ಳಿ ಸುತ್ತಿಕೊಂಡರೆ ಎಳೆಯ ಕಾಂಡ ಡೊಂಕಾಗುತ್ತದೆ ಎಂಬುದು ನಿಜವೇ. ಆದರೆ ಇಪ್ಪತ್ತು ಮೂವತ್ತು ವರ್ಷ ಕಳೆದ ಮರಗಳ ಮೇಲಿನ ಬಳ್ಳಿಯನ್ನೂ ಬುಡದಲ್ಲಿ ಕತ್ತರಿಸಿಬಿಟ್ಟರೆ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಓಡಾಡುವ ಕೆಂದಳಿಲಿನಂಥ ಪ್ರಾಣಿಗೆ ದಾರಿಯೇ ಕಡಿದಂತಾಗುತ್ತದೆ. ಕಾಡುಮೆಣಸಿನ ಬಳ್ಳಿಯೂ ಈ ಕಸದ ಲೆಕ್ಕದಲ್ಲಿಯೇ ಹೋಗುತ್ತದೆ. ಮೆಣಸಿನ ನಾಡು ಎಂದೇ ಹೆಸರಾದ ಸೀಮೆಯಲ್ಲಿ ಕಾಡುಮೆಣಸಿನ ತಳಿಗಳನ್ನು ನಾವೇ ಕತ್ತಿ ಹಾಕಿ ಕಳೆದುಕೊಳ್ಳುವುದು ನನಗೆ ತುಂಬ ನೋವಿನ ವಿಷಯ.

ಚೊಕ್ಕಟ ಮಾಡಲು ಹೋಗಿ ಕೆಡಿಸಿದ್ದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಕಾಗದ ತಯಾರಿಕೆಗಾಗಿ ಇಲ್ಲಿನ ಕಾಡುಗಳಿಂದ ದಶಕಗಳ ಕಾಲ ಬಿದಿರು ಹೋಯಿತು. ಬಿದಿರಿನ ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳುಗಂಟಿ ಕಡಿಯುವವರಿಗೆ ಅಡ್ಡಿ. ಅದನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬ ತಿಳಿವಳಿಕೆಯೂ ಆಗ ಇತ್ತು. ಊರಿನ ಜನ ಇದು ತಪ್ಪು ಎನ್ನುತ್ತಿದ್ದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇಲ್ಲಿನ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದಾಗ ಜನರ ಮಾತೇ ಸರಿಯೆಂದು ತಿಳಿಯಿತು. ಆ ಮುಳ್ಳಿನ ಬೇಲಿಯೇ ಮಳೆಗಾಲದಲ್ಲಿ ಏಳುವ ಎಳೆಯ ಕಳಲೆಯನ್ನು ದನಗಳಿಂದಲೂ ಕಾಡುಪ್ರಾಣಿಗಳಿಂದಲೂ ಕಾಯುತ್ತಿತ್ತು. ಬೇಲಿ ಹೋದ ಮೆಳೆಗಳಲ್ಲಿ ಕಳಲೆ ಮೇಲೇಳುವ ಮೊದಲೇ ಮುಗಿಯುತ್ತಿತ್ತು. ಬಿದಿರು ಕಡಿಯುವವರಿಗೂ ಬಿದಿರನ್ನೇ ತಿನ್ನುವ ಪ್ರಾಣಿಗಳಿಗೂ ಇದರಿಂದ ಒಟ್ಟಿಗೇ ನಷ್ಟವಾಯಿತು ಎಂಬುದನ್ನು ಗಮನಿಸಬೇಕು. ವಾಣಿಜ್ಯದ ಹಿತ, ಜೀವಿಗಳ ಹಿತ ಎರಡೂ ಯಾವಾಗಲೂ ಎದುರು ಬದುರು ನಿಂತಿರುತ್ತವೆ ಎಂದು ತಿಳಿದವರಿಗೆ ನಾನು ಈ ಸಂಗತಿಯನ್ನು ಹೇಳುತ್ತಿರುತ್ತೇನೆ.

ತೇಗದ ತೋಪಿನ ನೆಲದ ಕಥೆ ಬೇರೆ. ಅಗಲವಾದ ತೇಗದ ಎಲೆಯ ಮೇಲೆ ಮಳೆಹನಿಗಳು ಒಂದಾಗಿ ದಪ್ಪ ಹನಿಯಾಗಿ ಬೀಳುತ್ತವೆ. ನೆಲದಲ್ಲಿ ಹುಲ್ಲು, ಗಿಡ, ದರಕು (ಉದುರಿದ ಒಣ ಎಲೆ) ಇಲ್ಲದಿದ್ದರೆ ಆ ಹನಿಯೇ ಮಣ್ಣನ್ನು ಎಬ್ಬಿಸಿ ತೊಳೆಯುತ್ತದೆ. ಬೇಸಿಗೆಯಲ್ಲಿ ಉದುರಿದ ಎಲೆಗೆ ಬೆಂಕಿ ಬಿದ್ದ ತೋಪಿನಲ್ಲಿ ಮುಂದಿನ ಮಳೆಗಾಲದ ಮೊದಲ ಹದಿನೈದು ದಿನ ಹಳ್ಳದ ನೀರಿನ ಬಣ್ಣವನ್ನು ನೋಡಿದರೆ ಇದು ಅರ್ಥವಾಗುತ್ತದೆ. ನಮ್ಮ ಹಳ್ಳದ ಆಚೆಗೊಂದು ಹಳೆಯ ತೇಗದ ತೋಪಿದೆ. ಅದರ ಮೇಲುಭಾಗ ಕಾನಿಗೆ, ಅಂದರೆ ದಟ್ಟ ಹಸಿರು ಕಾಡಿಗೆ, ಹೊಂದಿಕೊಂಡಿದ್ದು, ಅಲ್ಲಿ ಬಹಳ ವರ್ಷಗಳಿಂದ ಬೆಂಕಿ ಬಿದ್ದಿಲ್ಲ, ಯಾರೂ ಕಸ ಸವರಿಲ್ಲ. ತೇಗದ ನೆರಳಿನಲ್ಲಿ ಮುರುಗಲು, ಉಪ್ಪಾಗೆ, ನೇರಳೆ, ದಾಲ್ಚಿನ್ನಿ ಗಿಡಗಳು ಎದೆಯೆತ್ತರಕ್ಕೆ ಬಂದಿವೆ. ಕೆಳಭಾಗ ರಸ್ತೆಯ ಬದಿಯಲ್ಲಿದ್ದು ಹೆಚ್ಚುಕಡಿಮೆ ಪ್ರತಿವರ್ಷ ಉರಿಯುತ್ತದೆ. ಅಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆ ಬಿಟ್ಟರೆ ಬೇರೇನೂ ಇಲ್ಲ. ಮೇಲೂ ತೇಗವೇ, ಕೆಳಗೂ ತೇಗವೇ, ನೆಟ್ಟ ವರ್ಷವೂ ಒಂದೇ.

ಅಕೇಶಿಯಾದ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಜಂಬಿಟ್ಟಿಗೆ ಕಲ್ಲಿನ ಬೋಳು ಗುಡ್ಡದಲ್ಲಿ ಬೇರೆ ಗಿಡ ಹತ್ತದ ಕಡೆ ಅದು ಹತ್ತಿದೆ, ಸೌದೆ ಕೊಟ್ಟಿದೆ. ಆದರೆ ನಾವು ಅದರ ಎಲೆ ಎನ್ನುವುದು ವಾಸ್ತವವಾಗಿ ಚಪ್ಪಟೆಯಾದ ಎಲೆತೊಟ್ಟು. ಅದು ಬೇಗ ಕೊಳೆಯದೆ ದಪ್ಪ ಹಾಸಾಗಿ ಕೂರುತ್ತದೆ. ನಮ್ಮಲ್ಲಿ ಅಕೇಶಿಯಾ ಇಷ್ಟು ಹಬ್ಬಿದ್ದಕ್ಕೆ ನರ್ಸರಿಯ ಅನುಕೂಲವೂ ಒಂದು ಕಾರಣ. ಅದರ ಬೀಜದ ಸಿಪ್ಪೆ ಗಟ್ಟಿ, ಚೀಲದಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ, ಬಿಸಿನೀರಿನಲ್ಲಿ ನೆನೆಸಿ ಬಿತ್ತಿದರೆ ಮೊಳೆಯುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಜಡ್ಡಿನಲ್ಲಿ (ಜೌಗು ಕಾಡಿನಲ್ಲಿ) ಬೆಳೆಯುವ, ಜಾಯಿಕಾಯಿಯ ಜಾತಿಗೆ ಸೇರಿದ ರಾಮಪತ್ರೆಯ ಬಳಗದ ಬೀಜಗಳಾದರೋ ಒಣಗಿದರೆ ಸತ್ತೇ ಹೋಗುತ್ತವೆ. ಹಣ್ಣು ಬಿದ್ದ ಕೂಡಲೇ ಆರಿಸಿ ಬಿತ್ತಬೇಕು. ಸಂಗ್ರಹಿಸಿಡಲು ಬರುವ ಬೀಜ ಯಾವುದೋ ಅದೇ ಗುಡ್ಡಕ್ಕೆ ಹೋಗುತ್ತದೆ. ಕಾರವಾರದ ಕಡಲತೀರದ ಗಾಳಿಮರವೂ ಅಕೇಶಿಯಾದಂತೆಯೇ ಹೊರಗಿನಿಂದ, 1860ರ ದಶಕದ ಕೊನೆಯಲ್ಲಿ ಬಂದದ್ದು. ಅಂದಿನಿಂದ ಮರಳಿನ ಮೇಲೆ ತನ್ನದೇ ದರಕಿನ ಹಾಸು ಹಾಸಿಕೊಂಡು ನಿಂತಿದೆ.

ಹಳ್ಳದ ದಂಡೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಉಪ್ಪಿನಕಾಯಿಗೆ ಬಳಸುವ ಎಳೆಮಾವಾದ ನಮ್ಮ ಅಪ್ಪೆಮಿಡಿಯ ಒಳ್ಳೆಯ ಮರಗಳು ಹೊಳೆ, ಹಳ್ಳಗಳ ಬದಿಯಲ್ಲಿಯೇ ಇರುವುದು. ನೆಡುತೋಪಿನ ಗುಂಡಿಯ ಸಾಲನ್ನು ನೀರಿನ ಅಂಚಿನವರೆಗೂ ಎಳೆಯುವಾಗ ಹೋಗುವುದು ಇಂಥ ಮರಗಳು, ಅವುಗಳ ನೆರಳಿನಲ್ಲಿರುವ ಕಪ್ಪೆಗಳು, ಹೊಳೆಬದಿಯ ಬೆತ್ತ. ದಂಡೆಯ ಎರಡೂ ಬದಿಯಲ್ಲಿ ಇಪ್ಪತ್ತು ಮಾರು ಜಾಗವನ್ನು ಮುಟ್ಟದೆ ಬಿಟ್ಟರೂ ದೊಡ್ಡ ವ್ಯತ್ಯಾಸವಾಗುತ್ತದೆ ಎಂಬುದು ನನ್ನ ಅನುಭವದ ಅಂದಾಜು.

ಇದನ್ನೆಲ್ಲ ಬೇರೆಯವರಿಗೆ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಪಡೆದವರು ನಾವು. ಅದೂ ಬೆಳೆಗಾಗಿ ನಿರ್ವಹಿಸುವ ಕಾಡೇ. ತುದಿ ಉಳಿಸಿ ಸೊಪ್ಪು ಕಡಿದ ಬೆಟ್ಟ ಹಸಿರಾಗಿದೆ. ಮರವನ್ನು ಬೋಳು ಕಂಬ ಮಾಡಿ, ದರಕನ್ನು ಪೂರ್ತಿ ಗುಡಿಸಿಕೊಂಡು ಬಂದ ಬೆಟ್ಟದಲ್ಲಿ ಹೊಸ ಸಸಿ ಒಂದೂ ಇಲ್ಲ. ನಮ್ಮ ಬೆಟ್ಟದಲ್ಲಿ ಎರಡೂ ಬಗೆಯ ತುಂಡುಗಳಿವೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಜನ ಕಡಿತವನ್ನು ತಡೆಯಲು ಅಪ್ಪಿಕೋ ಚಳವಳಿಯಲ್ಲಿ ಮರಗಳನ್ನು ಅಪ್ಪಿಕೊಂಡಾಗ, ಗುರುತು ಹಾಕಿದ ಮರವನ್ನು ಬೀಳಿಸುವಾಗ ಸುತ್ತಲಿನ ಎಷ್ಟು ಮರಗಳು ಮುರಿಯುತ್ತವೆ ಎಂಬುದೂ ಅವರ ದೂರಾಗಿತ್ತು. ಹೇಗೆ ಕಡಿಯಬೇಕು ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಆಗಲೇ ಎತ್ತಿದ್ದರು. 1993ರ ನಂತರ ಗ್ರಾಮ ಅರಣ್ಯ ಸಮಿತಿಗಳು ಬಂದವು. ಕಟಾವಿಗೆ ಮೊದಲು ತೋಪಿನಲ್ಲಿ ನಡೆದು ನೋಡಿ, ಉಳಿಸಬೇಕಾದ ಮರಗಳಿಗೆ ಗುರುತು ಹಾಕಲು ಈ ಸಮಿತಿಗಳಿಗಿಂತ ತಕ್ಕವರು ಬೇರೆಯಿಲ್ಲ. ನಮ್ಮ ಸಮಿತಿಯ ಮುಂದಿನ ಸಭೆಗೆ ನಾನು ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಬರುವ ವರ್ಷ ಕಟಾವಾಗಬೇಕಾದ ತುಂಡಿನಲ್ಲಿ ಪೊಟರೆಯಿರುವ ನಾಲ್ಕು ಮರಗಳು, ಒಂದು ಗೋಣಿಮರ, ಹಳ್ಳದ ಬದಿಯ ಎರಡು ಅಪ್ಪೆಮರಗಳು ಅದರಲ್ಲಿವೆ. ಕಳೆದ ವಾರ ಹೋಗಿ ಏಳು ಮರಗಳಿಗೂ ಸುಣ್ಣದ ಪಟ್ಟಿ ಬಳಿದು ಬಂದೆ. ಮಳೆಗೆ ಅದು ತೊಳೆದುಹೋಗುವುದರಿಂದ ಕಾರ್ತಿಕದಲ್ಲಿ ಇನ್ನೊಮ್ಮೆ ಬಳಿಯಬೇಕು.