ಟ್ರಾವೆಲ್ ಟ್ರೇಲರ್ ಒಳಗೆ ಎ.ಸಿ. ನೀರು ತೊಟ್ಟಿಕ್ಕಿದರೆ

ಟ್ರಾವೆಲ್ ಟ್ರೇಲರ್ ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೇ ತಂಗಬಹುದಾದ ಗಾಡಿ. ಅದರ ಚಾವಣಿಯ ಎ.ಸಿ.ಯಿಂದ ನೀರು ಯಾವಾಗ ಬೀಳುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ಎ.ಸಿ. ಆಫ್ ಇದ್ದಾಗಲೂ ಮಳೆಗೆ ಸೋರಿದರೆ ಬಹುಪಾಲು ಗ್ಯಾಸ್ಕೆಟ್ (ಎ.ಸಿ. ಮತ್ತು ಚಾವಣಿಯ ನಡುವಿನ ಸೀಲು) ಕೆಟ್ಟಿರುತ್ತದೆ. ಒಣ ಹವೆಯಲ್ಲಿ, ಎ.ಸಿ. ಓಡುವಾಗ ಮಾತ್ರ ಸೋರಿದರೆ ಡ್ರೈನ್ ತೂತು (ಎ.ಸಿ.ಯಲ್ಲಿ ಸೇರುವ ನೀರು ಹೊರಹೋಗುವ ದಾರಿ) ಕಟ್ಟಿಕೊಂಡಿದೆಯೇ ನೋಡಿ.

ಅಮೆರಿಕದ ಟ್ರೇಲರ್‌ಗಳಲ್ಲಿ ಚಾವಣಿಯ ಸುಮಾರು 14 ಇಂಚಿನ ಚೌಕ ಕಿಂಡಿಯ ಮೇಲೆ ಎ.ಸಿ. ಕೂತಿರುತ್ತದೆ, ನೀರು ತಡೆಯಲು ನಡುವೆ ಇರುವುದು ಸ್ಪಂಜಿನಂಥ ಗ್ಯಾಸ್ಕೆಟ್ ಒಂದೇ. ಒಳಗಿನ ಗ್ರಿಲ್ ಬಿಚ್ಚಿದರೆ ಉದ್ದನೆಯ ಬೋಲ್ಟ್‌ಗಳು ಕಾಣುತ್ತವೆ. ದಾರಿಯ ಕುಲುಕಾಟಕ್ಕೆ ಅವು ಸಡಿಲಾಗುತ್ತವೆ. ಒಂದು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪಸ್ವಲ್ಪವಾಗಿ, ಗ್ಯಾಸ್ಕೆಟ್ ಅರ್ಧ ಇಂಚು ದಪ್ಪಕ್ಕೆ ಅಮುಕುವವರೆಗೆ ಬಿಗಿಮಾಡಿ. ಅತಿಯಾಗಿ ಬಿಗಿದರೆ ಚಾವಣಿ ಕುಗ್ಗಿ ಅಲ್ಲೇ ನೀರು ನಿಲ್ಲುತ್ತದೆ. ಗ್ಯಾಸ್ಕೆಟ್ ಆಗಲೇ ಚಪ್ಪಟೆಯಾಗಿದ್ದರೆ ಹೊಸದೇ ಹಾಕಬೇಕು. ದಯವಿಟ್ಟು ಎ.ಸಿ.ಯ ಹೊರ ಅಂಚಿಗೆ ಸಿಲಿಕಾನ್ ಬಳಿಯಬೇಡಿ. ಎ.ಸಿ.ಯೊಳಗಿನ ತಟ್ಟೆಯಲ್ಲಿ ಸೇರುವ ನೀರು ಚಾವಣಿಯ ಹೊರಮೈಗೆ ಹರಿದುಹೋಗುವ ದಾರಿಯೇ ಅದು.

ಡ್ರೈನ್ ಬಿಡಿಸಲು ಕರೆಂಟ್ ತೆಗೆದು, ಮೇಲಿನ ಕವರ್ ಬಿಚ್ಚಿ. ತಂಪು ಕಾಯಿಲ್ ಕೆಳಗಿನ ತಟ್ಟೆಯಲ್ಲಿ ಲೋಳೆ, ಎಲೆಚೂರು, ಕಣಜದ ಗೂಡು ಸಿಗಬಹುದು. ಶುಚಿ ಮಾಡಿ ಒಂದು ಲೋಟ ನೀರು ಸುರಿಯಿರಿ: ಅದು ನಿಲ್ಲದೆ ಚಾವಣಿಗೆ ಇಳಿಯಬೇಕು. ಟ್ರೇಲರ್ ವಾಲಿ ನಿಂತಿದ್ದರೆ ಶುಚಿಯಾದ ತಟ್ಟೆಯೂ ಒಳಗೇ ಚೆಲ್ಲುತ್ತದೆ.

ಫಿಲ್ಟರ್ ಕೂಡ ತೊಳೆಯಿರಿ. ಧೂಳು ತುಂಬಿ ಗಾಳಿ ಕಟ್ಟಿದರೆ ಕಾಯಿಲ್ ಮೇಲೆ ಮಂಜು ಗಟ್ಟಿ, ಕರಗುವಾಗ ತಟ್ಟೆ ಉಕ್ಕುತ್ತದೆ.