ಚಪ್ಪಟೆ ಗೋಡೆಗೆ ಜೀವ ತುಂಬೋದು

ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಮಧ್ಯಯುಗದ ಯುರೋಪಿನ ಮನೆ ಕಟ್ಟಲು ಹೊರಟವರು ಜಾಸ್ತಿ ಎಡವುವುದು ಗೋಡೆಯಲ್ಲಿ. ಬ್ಲಾಕ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಟ್ಟುಬಿಡುತ್ತಾರೆ, ಮನೆ ಚಪ್ಪಟೆಯಾಗಿ ಕಾಣುತ್ತದೆ.

ಆ ಕಾಲದ ಎಷ್ಟೋ ಮನೆಗಳಲ್ಲಿ ಭಾರ ಹೊರುತ್ತಿದ್ದದ್ದು ದಪ್ಪ ಮರದ ಚೌಕಟ್ಟು, ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು ಮೆತ್ತುತ್ತಿದ್ದರು. ನಾವೂ ಅದನ್ನೇ ಮಾಡೋದು. ಕಂಬಕ್ಕೆ ಡಾರ್ಕ್ ಓಕ್ ಲಾಗ್ (ಕಡುಬಣ್ಣದ ಮರದ ದಿಮ್ಮಿ) ನಿಲ್ಲಿಸಿ, ಗೋಡೆಯನ್ನು ಒಂದೇ ಒಂದು ಬ್ಲಾಕ್ ಒಳಗೆ ಸರಿಸಿ. ನೆರಳು ಬೀಳುತ್ತದೆ, ಅಷ್ಟು ಸಾಕು, ಮನೆಯ ಮುಖವೇ ಬದಲಾಗುತ್ತದೆ!

ಮಹಡಿಯನ್ನು ಒಂದು ಬ್ಲಾಕ್ ಮುಂದಕ್ಕೆ ಚಾಚಿ. ಆಗಿನ ಇಕ್ಕಟ್ಟಾದ ಬೀದಿಗಳಲ್ಲಿ ನಿಜವಾಗಿಯೂ ಹೀಗೇ ಕಟ್ಟುತ್ತಿದ್ದರು. ಚಾಚಿದ ಭಾಗದ ಕೆಳಗೆ ಸ್ಟೇರ್ಸ್ (ಮೆಟ್ಟಿಲು) ಬ್ಲಾಕನ್ನು ತಲೆಕೆಳಗಾಗಿ ಇಟ್ಟರೆ, ಮರದ ತೊಲೆಗೆ ಆಸರೆ ಕೊಟ್ಟ ಹಾಗೇ ಕಾಣುತ್ತದೆ. ನನಗೆ ತುಂಬಾ ಇಷ್ಟವಾದ ಕೆಲಸ ಇದು.

ಮನೆಯ ಅಗಲ ಮಾತ್ರ 7 ಅಥವಾ 9 ಬ್ಲಾಕ್ ಇರಲಿ. ಬೆಸ ಸಂಖ್ಯೆಯಾದರೆ ಕಡಿದಾದ ಚಾವಣಿಯ ಎರಡು ಇಳಿಜಾರೂ ಮೇಲೆ ಒಂದೇ ಸಾಲಿನಲ್ಲಿ ಸೇರುತ್ತವೆ.

ಬುನಾದಿಗೆ ಬರೀ ಕಾಬಲ್‌ಸ್ಟೋನ್ (ಒರಟು ಕಲ್ಲು) ಸಾಲದು, ನಡುನಡುವೆ ಬೂದು ಬಣ್ಣದ ಆಂಡೆಸೈಟ್ ಕಲ್ಲು, ಪಾಚಿ ಹಿಡಿದ ಕಲ್ಲು ಸೇರಿಸಿ. ಕಿಟಕಿಯ ಕದಗಳಿಗೆ ಟ್ರ್ಯಾಪ್‌ಡೋರ್ ಎಂಬ ತೆಳು ಬಾಗಿಲು ಚೆನ್ನಾಗಿ ಹೊಂದುತ್ತದೆ.

ಚಿಮಣಿ ಮರೀಬೇಡಿ. ಅದರ ತುದಿಯಲ್ಲಿ ಕ್ಯಾಂಪ್‌ಫೈರ್ (ಸೌದೆ ಬೆಂಕಿಯ ಬ್ಲಾಕ್) ಇಟ್ಟರೆ ಹೊಗೆ ಏಳುತ್ತದೆ, ಅದರಡಿ ಒಂದು ಹುಲ್ಲಿನ ಕಟ್ಟು ಇಟ್ಟರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಸಂಜೆ ಹೊತ್ತು, ಹಲವರು ಸೇರಿ ಆಡುವ ಸರ್ವರ್‌ನಲ್ಲಿ ದೂರದ ಗುಡ್ಡದ ಮೇಲಿಂದ ಆ ಹೊಗೆ ನೋಡಿದರೆ, ಒಳಗೆ ಯಾರೋ ಇದ್ದಾರೆ ಅನಿಸುತ್ತದೆ ಅಲ್ವಾ?