ಒಂದೇ ತೋಟದ ಕಾಫಿ ಬೀಜ ಹುಡುಕಿಕೊಂಡು ಆಲ್ದೂರಿನ ಕಡೆಗೆ

ಚಿಕ್ಕಮಗಳೂರಿನ ಪೇಟೆಯಲ್ಲಿ ‘ಸಿಂಗಲ್ ಒರಿಜಿನ್ (ಒಂದೇ ಕಡೆ ಬೆಳೆದದ್ದು), ಸಣ್ಣ ಬೆಳೆಗಾರರ ತೋಟದಿಂದ’ ಎಂದು ಬರೆದಿದ್ದ ಕಾಲು ಕಿಲೋ ಪುಡಿಗೆ 420 ರೂಪಾಯಿ ತೆತ್ತು, ಕೋಣೆಗೆ ಬಂದು ಪೊಟ್ಟಣ ತಿರುವಿ ನೋಡಿದರೆ, ಹಿಂಬದಿಯ ಮಡಿಕೆಯಲ್ಲಿ ಸಾಸಿವೆಯಷ್ಟು ಅಕ್ಷರಗಳಲ್ಲಿ ಕಾಫಿ ಶೇ. 70, ಚಿಕೋರಿ ಶೇ. 30 ಎಂದಿತ್ತು. ಚಿಕೋರಿಯೆಂದರೆ ಕಾಫಿಗೆ ಬೆರೆಸುವ, ಹುರಿದು ಪುಡಿಮಾಡಿದ ಒಂದು ಬೇರು. ಚಿಕೋರಿಯ ಪ್ರಮಾಣವನ್ನು ನಮೂದಿಸಲೇಬೇಕೆಂಬ ನಿಯಮವಿದೆ, ಅವರು ನಮೂದಿಸಿದ್ದರು. ಓದದೆ ಹಣ ಕೊಟ್ಟವನು ನಾನು. ಪುಡಿಯನ್ನು ಬಿಟ್ಟು ಬೀಜವನ್ನೇ ಕೊಳ್ಳಿ, ಬೀಜದಲ್ಲಿ ಚಿಕೋರಿಯನ್ನು ಅಡಗಿಸಲು ಬರುವುದಿಲ್ಲ.

‘ಬಾಬಾಬುಡನ್‌ಗಿರಿ ಅರೇಬಿಕಾ’, ‘ಚಿಕ್ಕಮಗಳೂರು ಅರೇಬಿಕಾ’ ಎಂಬ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಬೆಳೆದ ಸೀಮೆಯನ್ನು ಹೇಳುತ್ತದೆಯೇ ಹೊರತು ತೋಟವನ್ನಲ್ಲ. ನಾಲ್ಕೈದು ಎಕರೆಯವರಲ್ಲಿ ಹೆಚ್ಚಿನವರು ಒಣಗಿಸಿದ ಕಾಫಿಯನ್ನು ಮೂಟೆ ಕಟ್ಟಿ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಸಿಪ್ಪೆ ಬಿಡಿಸುವ ಕ್ಯೂರಿಂಗ್ ಘಟಕವನ್ನು ಮುಟ್ಟುವಷ್ಟರಲ್ಲಿ ಹತ್ತು ತೋಟಗಳ ಬೀಜ ಒಂದಾಗಿರುತ್ತದೆ. ತಮ್ಮ ಮೂಟೆಗಳನ್ನು ಬೇರೆಯಾಗಿಯೇ ಕ್ಯೂರಿಂಗ್ ಮಾಡಿಸಿಕೊಳ್ಳುವ ಬೆಳೆಗಾರರು ಬೇಕೆಂದು ಕೇಳಿಕೊಂಡೇ ಹೋಗಬೇಕು.

ನಾನು ತಂಗಿದ್ದ ಹೋಮ್‌ಸ್ಟೇಯಲ್ಲಿ ತೋಟ ತೋರಿಸಲು ತಲೆಗೆ 800 ರೂಪಾಯಿ ವಸೂಲು ಮಾಡಿದರು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಮುಂದೆ ಫೋಟೋ ತೆಗೆಸಿದ್ದನ್ನು ಬಿಟ್ಟರೆ ಅಲ್ಲಿ ಕಲಿತದ್ದೇನೂ ಇಲ್ಲ. ಇದು ಯಾವ ತಳಿ ಎಂದು ಕೇಳಿದ್ದಕ್ಕೆ ‘ಅರೇಬಿಕಾ’ ಎಂದಷ್ಟೇ ಉತ್ತರ ಬಂತು, ಅದು ಕಾಫಿಯ ಜಾತಿಯೇ ಹೊರತು ತಳಿಯಲ್ಲ. ಮುಳ್ಳಯ್ಯನಗಿರಿಯ ದಾರಿಯಲ್ಲಿ ವಾಹನಗಳ ಸಾಲು ಕಂಡು ಅರ್ಧಕ್ಕೇ ತಿರುಗಿ ಬಂದೆ, ಜಾತ್ರೆ ನನಗೆ ಆಗಿಬರುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯದೇ ಊರಾದ ಆಲ್ದೂರಿನಿಂದ ಮುಂದೆ ಒಬ್ಬ ಬೆಳೆಗಾರರ ಕಣದಲ್ಲಿ ಕಳೆದ ಮೂರು ಗಂಟೆಗಳಿಂದಲೇ ಪ್ರವಾಸದ ಖರ್ಚು ಹುಟ್ಟಿತು. ಡಿಸೆಂಬರ್ ಆದ್ದರಿಂದ ಅರೇಬಿಕಾ ಕೊಯ್ಲು ನಡೆದಿತ್ತು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕಿ ತೊಳೆದ ಬೀಜವನ್ನು ಕಣದ ತುಂಬ ಹರವಿ ಮರದ ಹಲಗೆಯಿಂದ ಸಾಲು ಸಾಲಾಗಿ ಎಳೆಯುತ್ತಿದ್ದರು. ಬೆಳೆಗಾರರು ಒಂದು ಬೀಜದ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ಹಲ್ಲಿನಡಿ ಇಟ್ಟು ಕಚ್ಚಿದರು. ಹಲ್ಲಿನ ಗುರುತು ಮೆತ್ತಗೆ ಮೂಡಿತು, ಇನ್ನೂ ಮೂರು ಬಿಸಿಲು ಬೇಕೆಂದರು. ಅದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಹಳೆಯ ತಳಿ, ಎಸ್. 795.

ಎರಡು ಕಿಲೋ ಕೊಡಿ ಎಂದಾಗ ಅವರು ನಕ್ಕರು. "ಈ ವರ್ಷದ್ದು ಬೇಕಂದ್ರೆ ಯುಗಾದಿ ಕಳೆದ ಮೇಲೆ ಕೇಳಿ ಮಾರಾಯ್ರೆ, ಈಗ ಇರೋದು ಹೋದ ವರ್ಷದ್ದು." ಕೊಯ್ಲು ನೋಡಲು ಹೋದವರು ಅದೇ ಕೊಯ್ಲಿನ ಬೀಜ ತರಲಾರರೆಂಬುದು ನನಗೆ ಹೊಳೆದೇ ಇರಲಿಲ್ಲ. ನೀವು ಡಿಸೆಂಬರಿನಲ್ಲಿ ಹೋದರೆ ಹಳೆಯದನ್ನು ಒಂದು ಕಿಲೋ ಮಾತ್ರ ಕೊಂಡು, ಹೊಸದಕ್ಕೆ ಹೇಳಿಟ್ಟು ಬನ್ನಿ. ಹುರಿದ ತಾರೀಕನ್ನು ಪೊಟ್ಟಣದ ಮೇಲೆ ಬರೆಸಿಕೊಳ್ಳಿ. ಹುರಿದ ಬೀಜಕ್ಕೆ ನಾನು ಕಿಲೋಗೆ 1,100 ರೂಪಾಯಿ ಕೊಟ್ಟೆ, ಚೌಕಾಸಿ ಮಾಡಲಿಲ್ಲ.

ಊಟದ ವಿಷಯಕ್ಕೆ ಬಂದರೆ, ಆಲ್ದೂರಿನಲ್ಲಿ ಬಸ್ಸಿಳಿದು ನಾಲ್ಕೇ ಬೆಂಚುಗಳ ಒಂದು ಹೋಟೆಲಿಗೆ ಹೋಗಿ. ಹಬೆಯಾಡುವ ಅಕ್ಕಿ ಕಡುಬನ್ನು ಕೈಯಿಂದಲೇ ಮುರಿದು ತಟ್ಟೆಗೆ ಹಾಕಿ, ಒಂದು ಬದಿಗೆ ಕಾಯಿ ಚಟ್ನಿ, ಇನ್ನೊಂದು ಬದಿಗೆ ಕಾಳಿನ ಸಾರು ಸುರಿದು, ಕೇಳದೆಯೇ ಮೇಲಿಷ್ಟು ತುಪ್ಪ ಹಾಕುತ್ತಾರೆ. ಅಕ್ಕಿರೊಟ್ಟಿಯೂ ಸೇರಿ ನನಗೆ 60 ರೂಪಾಯಿ ಆಯಿತು. ಅಲ್ಲಿಯ ಕಾಫಿಗೂ ಚಿಕೋರಿ ಹಾಕಿದ್ದರು, ನಾನು ಎರಡು ಲೋಟ ಕುಡಿದೆ. ಒಂಬತ್ತು ಗಂಟೆಯ ಮೇಲೆ ಹೋದರೆ ಕಡುಬು ಮುಗಿದಿರುತ್ತದೆ.